ಕರಕಲು ಬೆಳ್ಳುಳ್ಳಿ

ಅಡುಗೆಯ ಬರಹ ಓದಿದರೆ ಸಾಕು, ಬರೆದವರ ಕೈರುಚಿ ನಾಲಿಗೆಗೇ ತಾಗುವ ಕಾಲವದು. ಧಾರವಾಡದ ಹೆಂಗಸರೆಲ್ಲ ಸೇರಿ ಅಡುಗೆ ಬರೆಯುವ ಬ್ಲಾಗಿಗೆ ರುಚಿ ತಿದ್ದುವ ಹೊಸ ಪ್ಲಗಿನ್ ಬಂದಿತ್ತು. ಬ್ಲಾಗಿನ ತಾಂತ್ರಿಕ ಕೆಲಸ ನೋಡುವ ಇಂದುಮತಿ ಎಂದಿನಂತೆ ಅದನ್ನು ಮೊದಲು ಪರೀಕ್ಷೆಗೆಂದು ಇಟ್ಟ ಬ್ಲಾಗಿನ ನಕಲು ಪ್ರತಿಗೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ, ಬ್ಲಾಗ್ ನಡೆಸುವ ನೀಲಕ್ಕ ಅದರಲ್ಲಿ ನಾಲ್ಕಾರು ಬರಹ ಓದಿ ಬಾಯಿ ಚಪ್ಪರಿಸಿದಳು.

“ಎಲ್ಲಾರ ಅಡಿಗಿನೂ ಭಾರಿ ಆಗೇದ! ಇವತ್ತ ಹಾಕಿಬಿಡೂಣು.”

“ತಡೀರಿ ನೀಲಕ್ಕ. ನಿಮ್ಮವ್ವ ಬರದಿಟ್ಟ ಬ್ಯಾಳಿ ಸಾರು ಓದ್ರಿ.”

ತೀರಿಹೋದ ಅವ್ವನ ಆ ಬರಹವನ್ನು ನೀಲಕ್ಕ ದಿನಾ ಓದುತ್ತಿದ್ದಳು. ಈಗ ಎರಡು ಸಲ ಓದಿದಳು. ಸಾರು ಬಲು ರುಚಿಯಾಗಿತ್ತು.

“ಅವ್ವನ ಒಗ್ಗರಣಿ ಬಳ್ಳೊಳ್ಳಿ ಯಾವಾಗ್ಲೂ ಕರಕಾಗಿರ್ತಿತ್ತು. ಇದು ಯಾರ ಸಾರು?”

ಇಂದುಮತಿ ಪ್ಲಗಿನ್ ಕಿತ್ತುಹಾಕಿದಳು. “ಈಗ ಓದ್ರಿ.”

ಓದುತ್ತಿದ್ದಂತೆ ನೀಲಕ್ಕ ಕರಕಲು ಕಹಿಗೆ ಮುಖ ಕಿವುಚಿದಳು.

“ಹಾಂ, ಬಂದ್ಲು ನೋಡ ನಮ್ಮವ್ವ!”