ಕಂಪ್ಯೂಟರ್ ಹೇಳಿದ ವರ್ಷ

"ಇದಕ್ಕೆಷ್ಟು ವರ್ಷ ಆಗೈತೆ ಅಂತ ಹೇಳಪ್ಪ. ಅಂದಾಜು ಬ್ಯಾಡ, ಪಕ್ಕಾ ಬೇಕು." ಪ್ರಭುಲಿಂಗ ಮೇಷ್ಟ್ರು ಹಳೇ ಕಂಪ್ಯೂಟರನ್ನು ರಿಪೇರಿ ಅಂಗಡಿಯ ಮೇಜಿನ ಮೇಲಿಳಿಸಿ ಏದುಸಿರು ಬಿಟ್ಟರು.

"ಮಾರ್ತೀರಾ ಸಾರ್?" ಅಂಗಡಿಯ ವಿನೋದ ಕೇಳಿದ.

"ಮಾರೋದಲ್ಲಪ್ಪ. ಮಾನದ ಪ್ರಶ್ನೆ."

ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಿಗೆ ದುರ್ಗದ ಪಾಳೆಯಗಾರರು ಪಟ್ಟಕ್ಕೆ ಬಂದ ಇಸವಿಗಳೆಲ್ಲ ಬಾಯಿಪಾಠ. ತಮ್ಮ ಮದುವೆಯ ಇಸವಿಯೊಂದು ಮಾತ್ರ, ಶಿವನಾಣೆ, ನೆನಪಿಲ್ಲ. ಮದುವೆಯ ದಿನ ಇವತ್ತೇ, ಅದು ಗೊತ್ತು. ಹತ್ತು ವರ್ಷವಾಯಿತೋ, ಹನ್ನೆರಡೋ? ಹೋದ ವರ್ಷ ಇದೇ ಪ್ರಶ್ನೆಗೆ ತಡವರಿಸಿದಾಗ ಹೆಂಡತಿ ಮೀನಾಕ್ಷಿ "ನೀವೇ ನೆನಪು ಮಾಡ್ಕಳ್ರಿ" ಎಂದು ಒಂಬತ್ತು ದಿನ ಮಾತು ಬಿಟ್ಟಿದ್ದಳು. ಈ ಸಲ ಕೇಕಿನ ಮೇಲೆ ಸಂಖ್ಯೆ ಬರೆಸಿಯೇ ಗೆಲ್ಲಬೇಕು. ಆಲ್ಬಂ ನೋಡೋಣವೆಂದರೆ ಅದು ಅವಳ ಟ್ರಂಕಿನಲ್ಲಿ. ಕೀಲಿ ಕೇಳುವುದೂ ಒಂದೇ, ತಪ್ಪೊಪ್ಪಿಕೊಳ್ಳುವುದೂ ಒಂದೇ.

ಬೆಳಗ್ಗೆ ಪೂಜೆಗೆ ಕುಳಿತಾಗ ದಾರಿ ಹೊಳೆದಿತ್ತು. ಹೊಸದುರ್ಗದ ಭಾವ ದಯಾನಂದ ಮದುವೆಯಲ್ಲಿ ಹೊಚ್ಚ ಹೊಸದೆಂದು ಮುಯ್ಯಿ ಮಾಡಿದ್ದೇ ಈ ಕಂಪ್ಯೂಟರು. ಅದರ ವಯಸ್ಸೇ ಸಂಸಾರದ ವಯಸ್ಸು! ಪೂಜೆಯಲ್ಲಿ ಮನಸ್ಸು ಅಲೆದದ್ದಕ್ಕೆ ಮೇಷ್ಟ್ರು ಕೆನ್ನೆ ಬಡಿದುಕೊಂಡರು, ಪೂರ್ತಿ ಲೆಕ್ಕ ಹಾಕಿದ ಮೇಲೆ.

ವಿನೋದ ಪರದೆಯ ಮೇಲೆ ತಾರೀಕು ತೆಗೆದ. ಮೂರು ವರ್ಷ.

"ಮೂರಾ? ಅಷ್ಟರಲ್ಲೇ ಇಷ್ಟು ಸೊರಗಿದ್ನಾ ನಾನು?"

"ಇದು ನಾನು ವಿಂಡೋಸ್ ಮತ್ತೆ ಹಾಕ್ಕೊಟ್ಟ ತಾರೀಕು ಸಾರ್. ತಡೀರಿ, ಒಳಗೆ ನೋಡಾಣ."

ಮುಚ್ಚಳ ಬಿಚ್ಚಿದ. ವರ್ಷವರ್ಷದ ಆಯುಧಪೂಜೆಯ ವಿಭೂತಿ ಫ್ಯಾನಿನ ಸಂದಿಯಲ್ಲೆಲ್ಲ ಮೆತ್ತಿತ್ತು. "ನಿಮ್ಮ ಭಕ್ತಿಗೆ ಇದು ಕೆಮ್ತಾ ಐತೆ ನೋಡ್ರಿ," ಎಂದು ನಗುತ್ತ ಹಾರ್ಡ್ ಡಿಸ್ಕಿನ ಚೀಟಿ ಒರೆಸಿ ಓದಿದ. "2013, ಏಪ್ರಿಲ್. ಬೋರ್ಡಿಂದೂ ಅದೇ ವರ್ಷ. ಹನ್ನೆರಡು ತುಂಬೈತೆ ಸಾರ್, ಪಕ್ಕಾ."

ಏಪ್ರಿಲ್‌ನಲ್ಲಿ ತಯಾರಾದದ್ದು, ಮೇ ತಿಂಗಳಲ್ಲಿ ಮದುವೆ. ತಾಮ್ರಶಾಸನ ಸಿಕ್ಕಷ್ಟು ಹಿಗ್ಗಿ ಮೇಷ್ಟ್ರು ಬೇಕರಿಗೆ ನಡೆದರು.

ಸಂಜೆ ಭಾವನೂ ಊಟಕ್ಕೆ ಬಂದಿದ್ದ. ಮೀನಾಕ್ಷಿ ಡಬ್ಬಿ ತೆರೆದಳು. ಕೇಕಿನ ಮೇಲೆ ದಪ್ಪಕ್ಷರದಲ್ಲಿ ಹನ್ನೆರಡು.

"ಇವತ್ತಿಗೆ ಹತ್ತು ಕಣ್ರೀ," ಎಂದಳು ತಣ್ಣಗೆ. "ಮಿಕ್ಕಿದ್ದೆರಡು ವರ್ಷ ಯಾರ ಜೊತೆ ಸಂಸಾರ ಮಾಡಿದ್ರಿ?"

ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. "ನಿನ್ನಾಣೆ ಕಣೇ! ನಿಮ್ಮಣ್ಣ ಮದುವೇಲಿ ಕೊಟ್ಟ ಹೊಸ ಕಂಪ್ಯೂಟರ್ ಬಿಚ್ಚಿಸಿ ನೋಡ್ಕೊಂಡು ಬಂದಿದೀನಿ. ಹನ್ನೆರಡು ವರ್ಷ ಅಂತ ಅದರ ಮೈಮೇಲೇ ಬರೆದೈತೆ!"

ಮೀನಾಕ್ಷಿಯ ದೃಷ್ಟಿ ಗಂಡನ ಮುಖ ಬಿಟ್ಟು, ಮೆಲ್ಲಗೆ, ಪಕ್ಕದ ಕುರ್ಚಿಯ ಮೇಲೆ ನಿಂತಿತು.

"ಅಣ್ಣಾ, ಆ ಎರಡು ವರ್ಷ ಅದು ಯಾರ ಮನೇಲಿತ್ತೋ?"