ಮಾವನ ಉಸಿರಿಗೆ ಯಾರ ಕರೆಂಟು

ಮಾವನ ಆಕ್ಸಿಜನ್ ಯಂತ್ರದ ವೈರನ್ನು ವಿದಾದ್ ತನ್ನ ಬ್ಯಾಟರಿಗೆ ಜೋಡಿಸಿದ ದಿನದಿಂದ ನಜ್ಲಾಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಲೆಬನಾನಿನ ಟ್ರಿಪೋಲಿಯ ಆ ಬೀದಿಗೆ ಸರ್ಕಾರದ ಕರೆಂಟು ನೆಂಟರಂತೆ ಬಂದು ಹೋಗುವಂಥದ್ದು. ಇಷ್ಟು ವರ್ಷ ಬೀದಿಗೆಲ್ಲ ಬೆಳಕು ಕೊಟ್ಟದ್ದು ನಜ್ಲಾಳ ಗಂಡ ಶಫೀಕನ ಡೀಸೆಲ್ ಜನರೇಟರು. ಈಗ ಅದೇ ಮನೆಯ ಕಿರಿಸೊಸೆ ವಿದಾದ್ ಕೈಬಳೆಗಳನ್ನು ಮಾರಿ ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡಿದ್ದಳು. ಅವಳನ್ನು ನೋಡಿ ಬೀದಿಯ ಅನುಕೂಲಸ್ಥರೆಲ್ಲ ಹಾಕಿಸಿಕೊಂಡರು.

“ನಮಗೂ ಹಾಕ್ಸಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ ನೀವು,” ಎಂದು ನಜ್ಲಾ ಗಂಡನ ಮೇಲೆ ಹರಿಹಾಯ್ದಳು.

“ಜನರೇಟರ್ ಶಫೀಕನ ಮನೆ ಮೇಲೇ ಸೋಲಾರಾ? ಬೀದಿಯವರು ನಗ್ತಾರೆ ಕಣೆ. ಬೀದಿಗೆಲ್ಲ ಓಡಿಸಿದ್ರೂ, ಹತ್ತೇ ಮನೆಗೆ ಓಡಿಸಿದ್ರೂ ಜನರೇಟರ್ ಹೆಚ್ಚುಕಮ್ಮಿ ಅಷ್ಟೇ ಡೀಸೆಲ್ ಕುಡಿಯುತ್ತೆ. ದುಡ್ಡಿದ್ದೋರು ಬಿಸಿಲು ಕೊಂಡ್ಕೊಂಡು ಹೋದ್ರು. ಅವರ ಪಾಲಿನ ಖರ್ಚೂ ಈಗ ಇಲ್ದೋರ ತಲೆ ಮೇಲೆ.” ನಷ್ಟ ತಾಳಲಾರದೆ ಅವನು ಹಗಲು ಜನರೇಟರ್ ನಿಲ್ಲಿಸಿದ. ನೆಲಮಹಡಿಯಲ್ಲಿ ಮಲಗಿದ್ದ ಮಾವನ ಯಂತ್ರ ವಿದಾದಳ ಪಾಲಾದದ್ದು ಹಾಗೆ.

“ಸೂರ್ಯನ್ನೇ ಹಿಡ್ಕೊಂಡು ಬಂದು ನನ್ನ ಮೂಗಿಗೆ ಕಟ್ಟಿದಾಳೆ, ನನ್ನ ಕಿರಿಸೊಸೆ!” ನೋಡಲು ಬಂದವರೆಲ್ಲರ ಮುಂದೆ ಮುದುಕನದು ಇದೇ ಮಾತು. ನಜ್ಲಾ ಬೇಳೆಯ ಸೂಪು ಕುಡಿಸಿದರೆ ಮಾತ್ರ, “ಉಪ್ಪು ಸ್ವಲ್ಪ ಮುಂದಾಯ್ತಲ್ಲಮ್ಮ,” ಎನ್ನುತ್ತಿದ್ದ.

ಜನವರಿಯಲ್ಲಿ ವಾರವಿಡೀ ಮೋಡ ಕವಿದುಕೊಂಡಿತು. ಒಂದು ಮಧ್ಯಾಹ್ನ ವಿದಾದ್ ಏದುಸಿರು ಬಿಡುತ್ತ ಬಾಗಿಲು ತಟ್ಟಿದಳು.

“ಅಕ್ಕಾ, ಬ್ಯಾಟರಿ ಕೊನೇ ಗೆರೆಗೆ ಬಂದಿದೆ. ಭಾವ ಎಲ್ಲಿ? ಜನರೇಟರ್ ಹಾಕ್ಬೇಕಿತ್ತು.”

“ಡೀಸೆಲ್ ತರೋಕೆ ಹೋಗಿದಾರೆ.” ಜನರೇಟರಿನ ಕೀಲಿ ನಜ್ಲಾಳ ಜೇಬಿನಲ್ಲೇ ಇತ್ತು, ಟ್ಯಾಂಕಿನಲ್ಲಿ ಒಂದಿಷ್ಟು ಡೀಸೆಲ್ಲೂ ಇತ್ತು. “ಯಾಕಮ್ಮ, ನಿನ್ನ ಸೂರ್ಯ ರಜಾ ಹಾಕಿದಾನಾ?”

“ಬೇಡೋಕೇ ಬಂದಿದೀನಿ ಅಂದ್ಕೊಳ್ಳಿ ಅಕ್ಕಾ. ಮಾವ ಒಬ್ಬರೇ ಇದಾರೆ ಕೆಳಗೆ. ಬೇಗ.”

“ಕೊನೇ ಗೆರೆ ಅಂದ್ರೆ ಇನ್ನೂ ಇದೆ ತಾನೆ? ಕೂತ್ಕೋ, ಕಾಫಿ ಕುಡಿ.”

ವಿದಾದ್ ಕೂರಲಿಲ್ಲ. ನಜ್ಲಾ ತನ್ನ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿಕೊಂಡಳು. ಎಷ್ಟು ದಿನದಿಂದ ಕಾದಿದ್ದಳು ಈ ಗಳಿಗೆಗೆ! ಒಂದು ಬಟ್ಟಲು ಕಾಫಿ ಮುಗಿಯುವಷ್ಟು ಹೊತ್ತು ಇವಳು ತನ್ನ ಹೊಸ್ತಿಲಲ್ಲಿ ನಿಂತಿರಲಿ, ಅಷ್ಟೇ. ಗುಟುಕು ಗುಟುಕಾಗಿ ಹೀರಿದಳು. ಏಲಕ್ಕಿಯ ಪರಿಮಳ ಎಂದೂ ಇಷ್ಟು ಚೆನ್ನಾಗಿರಲಿಲ್ಲ.

ಕೆಳಗಿನಿಂದ ಆಕ್ಸಿಜನ್ ಯಂತ್ರ ಒಂದೇ ಸಮನೆ ಕಿರುಚತೊಡಗಿತು.

ಬಟ್ಟಲು ನಜ್ಲಾಳ ಕೈಯಿಂದ ಜಾರಿತು. ವಿದಾದ್ ಆಗಲೇ ಮೆಟ್ಟಿಲಿಳಿದು ಓಡಿದ್ದಳು. ನಜ್ಲಾ ಅಂಗಳಕ್ಕೆ ಧಾವಿಸಿ, ಕೀಲಿ ತಿರುಗಿಸಿದಳು. ಮೊದಲ ಸಲ ಕೆಮ್ಮಿ ಸುಮ್ಮನಾದ ಜನರೇಟರು ಮತ್ತೆ ತಿರುಗಿಸಿದಾಗ ಗೋಡೆ ಅದುರುವಂತೆ ಹೊತ್ತಿಕೊಂಡಿತು. ಅವಳು ಒಳಗೋಡಿದಾಗ ಮುದುಕನ ತುಟಿ ನೀಲಿಯಾಗಿತ್ತು. ವಿದಾದ್ ಯಂತ್ರದ ವೈರನ್ನು ಜನರೇಟರಿನ ಲೈನಿಗೆ ಸಿಕ್ಕಿಸಿ, ಅವನನ್ನು ಎದೆಗೊರಗಿಸಿಕೊಂಡು ಬೆನ್ನು ನೀವುತ್ತಿದ್ದಳು. ಯಂತ್ರ ಗುಂಯ್‌ಗುಟ್ಟಿತು. ನಿಧಾನವಾಗಿ ತುಟಿಗೆ ಬಣ್ಣ ಮರಳಿತು.

ಬಹಳ ಹೊತ್ತಿನ ಮೇಲೆ ಮುದುಕ ಕಣ್ತೆರೆದ. “ಇದು... ಯಾರ ಕರೆಂಟು?”

“ಅಕ್ಕನದು, ಮಾವ,” ಎಂದಳು ವಿದಾದ್, ತಟ್ಟನೆ. “ಅಕ್ಕ ಓಡಿಬಂದು ಹಾಕಿದ್ರು.”

ಮುದುಕ ಕೈ ಎತ್ತಿ ನಜ್ಲಾಳ ತಲೆಯ ಮೇಲಿಟ್ಟ. “ನಿನ್ನ ಕೈ ಬಂಗಾರವಾಗ್ಲಿ ತಾಯಿ. ಇವತ್ತು ನೀನೇ ಉಳಿಸ್ದೆ ನನ್ನ.”

ನಜ್ಲಾ ಓರಗಿತ್ತಿಯ ಮುಖ ನೋಡಿದಳು. ಆ ಮುಖದಲ್ಲಿ ಕೊಂಕಿಲ್ಲ, ದೂರಿಲ್ಲ, ಮಾವ ಬದುಕಿದರಲ್ಲ ಎಂಬ ನೆಮ್ಮದಿಯಷ್ಟೇ ಇತ್ತು. ನಜ್ಲಾಳಿಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.