ಕೂಲರಿನೊಳಗಿನ ಕೋಳಿ

ಕೂಲರಿನ ಹುಲ್ಲಿಗೆ ನೀರು ಬಿದ್ದ ವಾಸನೆ ಬಂದರೆ ಈಗಲೂ ಮಾನ್ವಿಯ ನಮ್ಮ ಹಿತ್ತಲು ನೆನಪಾಗುತ್ತದೆ. ಗುಜರಿಯಿಂದ ತಂದ ಹಳೆಯ ಕೂಲರಿನ ತಗಡಿನ ಪೆಟ್ಟಿಗೆಗೆ ಮುರಿದ ಮಂಚದ ಪಟ್ಟಿ ಬಡಿದು ಅಪ್ಪ ಕೋಳಿಗೂಡು ಮಾಡಿದ್ದ. ಬೆಕ್ಕಿನ ಭಯಕ್ಕೆ, ಕಾವಿಗೆ ಕೂತಿದ್ದ ನನ್ನ ಚುಕ್ಕಿಯನ್ನು ಮೊಟ್ಟೆಗಳ ಸಮೇತ ಅದರೊಳಗಿಟ್ಟೆವು. ಮಧ್ಯಾಹ್ನ ನೋಡಿದರೆ ತಗಡು ರೊಟ್ಟಿ ಹಂಚಿನಂತೆ ಕಾದಿತ್ತು. ಚುಕ್ಕಿ ಬಾಯಿ ತೆರೆದು ಕುತ್ತಿಗೆ ಚೆಲ್ಲಿತ್ತು. ನನಗೆ ಅಳು ಬಂತು.

"ಅಳಬ್ಯಾಡ ಬೇ, ಒಂದು ಕೊಡ ನೀರು ತಾ," ಎಂದಳು ಅಜ್ಜಿ. ಗಾಳಿ ಆಡಲೆಂದು ಅಪ್ಪ ಕಿತ್ತೆಸೆದಿದ್ದ ಹುಲ್ಲಿನ ಪರದೆಗಳನ್ನು ಮತ್ತೆ ಸಿಕ್ಕಿಸಿ ನೀರು ಸುರಿದಳು. "ಕೂಲರ್ ತಂದು ಅದರ ಹುಲ್ಲು ಕಿತ್ತಾನ ನೋಡು, ನಮ್ಮ ಶಾಣ್ಯಾ."

ಅಪ್ಪ ಇನ್ನೊಂದು ಕೊಡ ತಂದ.

ತುಸು ಹೊತ್ತಿಗೆ ಚುಕ್ಕಿ ಕುತ್ತಿಗೆ ಎತ್ತಿತು. ಮೊಟ್ಟೆ ಮುಟ್ಟಲು ಹೋದ ನನ್ನ ಬೆರಳನ್ನು ರಕ್ತ ಬರುವಂತೆ ಕುಕ್ಕಿತು.

"ಬದುಕ್ತು ಬಿಡು," ಅಂದಳು ಅಜ್ಜಿ.